ಮುಲ್ಗೊಲ್ ಓಣಿಯ ಸಹಮತ

ನವೆಂಬರ್ 4, ಸೋಮವಾರ

ಸಹಭಾಗಿತ್ವ ಸಮಿತಿಯ ಮೊದಲ ಸಭೆ ಮುಗಿಯಿತು. ರಕ್ತ ಬಂದದ್ದು ಒಬ್ಬರಿಗೆ ಮಾತ್ರ, ಅದೂ ಮೂಗಿನಿಂದ. ನಗರಸಭೆಗೆ ಕಳಿಸುವ ವರದಿಯಲ್ಲಿ 'ಉತ್ಸಾಹಭರಿತ ಚರ್ಚೆ' ಎಂದು ಬರೆದೆ.

ಮುಲ್ಗೊಲ್ ಓಣಿಯನ್ನು ಕೆಡವಿ ಸ್ಮಾರ್ಟ್ ನಗರ ಕಟ್ಟುವ ಮೊದಲು ಅದಕ್ಕೆ ಸಂಬಂಧಪಟ್ಟವರೆಲ್ಲ ಒಂದೇ ಮೇಜಿನ ಸುತ್ತ ಕೂತು ಒಪ್ಪಬೇಕಂತೆ. ಮನೆ ಮಾಲೀಕರು, ಬಾಡಿಗೆ ಅಂಗಡಿಯವರು, ಕಟ್ಟುವ ಕಂಪನಿ, ನಗರಸಭೆ. ಕೂರಿಸುವ ಕೆಲಸ ನನ್ನದು. ಕುತ್ತಿಗೆಗೆ ಹಾಕಿದ ಚೀಟಿಯಲ್ಲಿ 'ಸಮನ್ವಯಕಾರ ಗಿಲ್ ಇನ್‌ಹ್ವಾನ್' ಎಂದು ಅಚ್ಚಾಗಿದೆ. ಇದಕ್ಕೆ ಮುಂಚೆ ಚುನಾವಣೆಗೆ ಘೋಷಣೆ ಬರೆಯುತ್ತಿದ್ದೆ. ನನ್ನ ಅಭ್ಯರ್ಥಿಗಳೆಲ್ಲ ಸೋತರು, ಪ್ರಾಸ ಮಾತ್ರ ಗೆದ್ದಿತು. ಇವತ್ತಿನ ಬ್ಯಾನರೂ ನನ್ನದೇ: 'ಮಾತಿಗೆ ಮಾತು ಸೇರಲಿ, ಮಾದರಿ ನಗರ ಏರಲಿ.'

ಕಂಪನಿಯ ಮ್ಯಾನೇಜರ್ ಪ್ಯೋ ಥರ್ಮೊಕೋಲಿನ ಊರನ್ನು ಮೇಜಿನ ಮೇಲಿಟ್ಟು ವಿವರಿಸುತ್ತಿದ್ದ. ಬೀಗ ರಿಪೇರಿಯ ಯೊಮ್ ಎದ್ದು, "ನನ್ನ ಅಂಗಡಿ ಎಲ್ಲಿ ತೋರ್ಸಪ್ಪ" ಅಂದ. "ಅಲ್ಲಿ ಕಾರಂಜಿ ಬರುತ್ತೆ" ಎಂದು ಪ್ಯೋ ಅಂದ. ಯೊಮ್ ಕಾರಂಜಿಯನ್ನು ಹೆಬ್ಬೆರಳಿನಿಂದ ಒತ್ತಿ ಅಪ್ಪಚ್ಚಿ ಮಾಡಿ, ಆಮೇಲೆ ಕುರ್ಚಿ ಎತ್ತಿದ. ಅದು ಬಿದ್ದದ್ದು ಪ್ಯೋ ಪಕ್ಕದಲ್ಲಿದ್ದ ಮಾಲೀಕರ ಸಂಘದ ಅಧ್ಯಕ್ಷರ ಮೂಗಿಗೆ. ರಕ್ತ ಥರ್ಮೊಕೋಲಿನ ಉದ್ಯಾನದ ಮೇಲೆ ತೊಟ್ಟಿಕ್ಕಿತು. ಪ್ಯೋ ಕರವಸ್ತ್ರ ತೆಗೆದು ಮೊದಲು ಉದ್ಯಾನ ಒರೆಸಿದ, ಆಮೇಲೆ ಮೂಗು.

ಊಟಕ್ಕೆ ಎಂದಿನಂತೆ ಒಕ್ಹುಯಿ ಅಕ್ಕನ ಕರುಳ ಸಾರಿನ ಅಂಗಡಿ. ಅಂಗಡಿಯ ಹಿಂದಿನ ಕೋಣೆಯೇ ಅವಳ ಮನೆ. ಕಟ್ಟಡ ಇನ್ನೊಬ್ಬರದು, ಮಾಲೀಕ ಎಂದೋ ಒಪ್ಪಿ ದುಡ್ಡು ತೆಗೆದುಕೊಂಡು ಹೋಗಿದ್ದಾನೆ.

"ಏನೋ ಕವಿ, ಸಭೆ ಹೇಗಾಯ್ತು?"

"ಚೆನ್ನಾಗೇ ಆಯ್ತು ಅಕ್ಕ. ಒಂದೇ ಕುರ್ಚಿ ಮುರೀತು."

"ಆ ಬೊಂಬೆ ಊರಲ್ಲಿ ನನ್ನ ಒಲೆ ಇದೆಯೋ ಇಲ್ವೋ, ಅಷ್ಟು ಹೇಳು."

"ಹೊಸ ಕಟ್ಟಡದ ಕೆಳಮಹಡೀಲಿ ನಿಮಗೊಂದು ಅಂಗಡಿ ಕೊಡಿಸ್ತೀನಿ. ನನ್ನ ಮಾತು."

"ನಿನ್ನ ಮಾತಿಗೆ ಪ್ರಾಸ ಇರುತ್ತೆ ಕಣೋ, ಕಾಲು ಇರಲ್ಲ" ಅಂದಳು. ಆದರೂ ನನ್ನ ಬಟ್ಟಲಿಗೆ ಇನ್ನೊಂದು ಸೌಟು ಸುರಿದಳು.

ನವೆಂಬರ್ 8, ಶುಕ್ರವಾರ

ಮನೆಮನೆಗೆ ಹೋಗಿ ಸೆನ್ಸರ್ ಹಾಕಿಸಿದೆ. ಚಾವಣಿಗೆ ಅಂಟಿಸುವ ಪುಟ್ಟ ಬಿಳಿ ಡಬ್ಬಿ. ಒಳಗೆ ಯಾರಾದರೂ ಓಡಾಡುತ್ತಿದ್ದಾರೆಯೇ ಎಂದಷ್ಟೇ ಅದಕ್ಕೆ ತಿಳಿಯುತ್ತದೆ. ಒಂಟಿಯಾಗಿರುವವರು ಬಿದ್ದು ಅಲ್ಲಾಡದೆ ಇದ್ದರೆ ಆರೋಗ್ಯ ಕೇಂದ್ರಕ್ಕೆ ಸುದ್ದಿ ಹೋಗುತ್ತದೆ. ಜೀವನದ ಗುಣಮಟ್ಟ ಹೆಚ್ಚಿಸುವ ಮೊದಲ ಹೆಜ್ಜೆ. ಘೋಷಣೆ: 'ಕೇಳುವ ಗೋಡೆ, ಕಾಯುವ ಮಾಡು, ನಮ್ಮೂರಾಯಿತು ನೆಮ್ಮದಿ ಗೂಡು.' ಬರೆದ ಮೇಲೆ ನನಗೇ ಖುಷಿಯಾಗಿ ಎರಡು ಸಲ ಗಟ್ಟಿಯಾಗಿ ಓದಿಕೊಂಡೆ.

ಒಕ್ಹುಯಿ ಅಕ್ಕ ಏಣಿ ಹಿಡಿದು ನಿಂತಿದ್ದಳು. "ಇದು ನಾನು ಸತ್ತರೆ ಹೇಳುತ್ತಾ?"

"ಬದುಕಿದ್ದೀರಿ ಅಂತ ಹೇಳುತ್ತೆ ಅಕ್ಕ."

"ಅದನ್ನ ಬಾಡಿಗೆ ಕೇಳೋಕೆ ಬರೋನೇ ಹೇಳ್ತಿದ್ದ. ಹೋಗ್ಲಿ, ನೀನು ಹೇಳಿದೀಯ ಅಂತ ಹಾಕಿಸ್ಕೋತೀನಿ."

ನಾನು ಹೇಳಿದೆ ಎಂದೇ ಓಣಿಯಲ್ಲಿ ಎಲ್ಲರೂ ಹಾಕಿಸಿಕೊಂಡರು. ಯೊಮ್ ಕೂಡ, ಏಣಿ ತಾನೇ ಹಿಡಿದು.

ನವೆಂಬರ್ 15, ಶುಕ್ರವಾರ

ಅಕ್ಕಿ ಕಡುಬಿನ ಅಂಗಡಿಯ ಮುದುಕ ಬಚ್ಚಲಲ್ಲಿ ಬಿದ್ದಿದ್ದ. ಡಬ್ಬಿ ಸುದ್ದಿ ಕೊಟ್ಟಿತು, ಆಂಬ್ಯುಲೆನ್ಸ್ ಬಂತು, ಬದುಕಿದ. ದಾರಿಯಲ್ಲಿ ಯೊಮ್ ನನಗೆ ನಮಸ್ಕಾರ ಮಾಡಿದ. ಕುರ್ಚಿ ಎಸೆಯುವವನ ನಮಸ್ಕಾರಕ್ಕೆ ತೂಕ ಜಾಸ್ತಿ.

ನವೆಂಬರ್ 23, ಶನಿವಾರ

ಉಪಾಯ ನನ್ನದೇ. ಚಳಿಗಾಲದ ಕಿಮ್ಚಿಯನ್ನು, ಎಲೆಕೋಸಿನ ಆ ಖಾರದ ಉಪ್ಪಿನಕಾಯಿಯನ್ನು, ಎಲ್ಲರೂ ಕೂಡಿ ಮಾಡೋಣ, ಮೇಜಿನಲ್ಲಿ ಕೂಡದ ಮನಸ್ಸು ಕೊಳಗದಲ್ಲಿ ಕೂಡಲಿ, ಅಂತ. ನಗರಸಭೆಯವರು ಎಲೆಕೋಸು ಕಳಿಸಿದರು. ಕಂಪನಿ ಹಂದಿ ಮಾಂಸ ಕಳಿಸಿತು, ಜೊತೆಗೆ ಕಪ್ಪು ಜಾಕೀಟಿನ ಹನ್ನೆರಡು ಗಂಡಸರನ್ನೂ ಕಳಿಸಿತು. ಅವರು 'ಭದ್ರತಾ ತಂಡ'. ಅವರ ಮುಖ್ಯಸ್ಥ ಬಾಂಗ್ ಎನ್ನುವವನು. ಕಂಬದಂಥ ಕುತ್ತಿಗೆ, ಮದುಮಗನಂಥ ವಿನಯ. ಕೆಂಪು ರಬ್ಬರ್ ಕೈಗವಸು ಹಾಕಿಕೊಂಡು, "ಅಣ್ಣಾ, ನಮ್ಮಮ್ಮನ ಜೊತೆ ಪ್ರತಿವರ್ಷ ಮಾಡ್ತೀನಿ" ಎಂದು ನನ್ನ ಪಕ್ಕವೇ ಕೂತು ಎಲೆಎಲೆಗೂ ಖಾರ ಸವರಿದ.

ಮಧ್ಯಾಹ್ನದವರೆಗೂ ಎಲ್ಲ ಸರಿಯಿತ್ತು. ಕೊನೆಗೆ ಬೇಯಿಸಿದ ಮಾಂಸವನ್ನು ಹೊಸ ಕಿಮ್ಚಿಯ ಎಲೆಯಲ್ಲಿ ಸುತ್ತಿ ಒಬ್ಬರ ಬಾಯಿಗೆ ಒಬ್ಬರು ಇಡುವುದು. ಒಕ್ಹುಯಿ ಅಕ್ಕ ತುತ್ತು ಮಾಡಿ ನೆಟ್ಟಗೆ ಮ್ಯಾನೇಜರ್ ಪ್ಯೋ ಮುಂದೆ ಹೋದಳು.

"ಬಾಯಿ ತೆಗೀರಿ ಮ್ಯಾನೇಜರ್ರೇ."

ಪ್ಯೋ ಮುಖ ಆಚೆ ತಿರುಗಿಸಿದ. "ಕೈಯಲ್ಲಿ ಬೇಡ, ತಟ್ಟೆಗೆ ಹಾಕಿ."

ರಾಜಧಾನಿಯ ಅಪಾರ್ಟ್‌ಮೆಂಟಿನಲ್ಲಿ ಡಬ್ಬಿ ಕಿಮ್ಚಿ ತಿಂದು ಬೆಳೆದವನು. ಈ ದಿನ ಬಾಯಿಗೆ ಹಿಡಿದ ತುತ್ತನ್ನು ಬೇಡ ಅನ್ನಬಾರದು ಎಂದು ನಾನಾದರೂ ಹೇಳಿರಬೇಕಿತ್ತು. ಹೇಳಬೇಕಾಗುತ್ತದೆ ಎಂದು ಹೊಳೆಯಲೇ ಇಲ್ಲ. ಉಸಿರಾಡಿ ಎಂದು ಯಾರು ಯಾರಿಗೆ ಹೇಳುತ್ತಾರೆ?

ಅಕ್ಕನ ಕೈ ಹಾಗೇ ಗಾಳಿಯಲ್ಲಿ ನಿಂತಿತ್ತು. ಯೊಮ್ ಬಂದು ತುತ್ತು ಕಸಿದುಕೊಂಡ. "ನಮ್ಮ ಮನೆ ಬೇಕು, ನಮ್ಮ ಕೈ ಮಾತ್ರ ಗಲೀಜಾ?" ಅಂದವನೇ ತುತ್ತನ್ನೂ ಜೊತೆಗೆ ನಾಲ್ಕು ಬೆರಳನ್ನೂ ಪ್ಯೋ ಬಾಯಿಗೆ ತುರುಕಿದ. ಪ್ಯೋ ಕಚ್ಚಿದ. ಯೊಮ್ ಇನ್ನೊಂದು ಕೈಯಿಂದ ಬಾರಿಸಿದ.

ಮುಂದಿನದು ಒಂದೇ ಕೆಂಪು. ಉಪ್ಪುನೀರು ಕುಡಿದ ಎಲೆಕೋಸು ಕಲ್ಲಿಗಿಂತ ಹಗುರವೇನಲ್ಲ. ಕೊಳಗಗಳು ಉರುಳಿದವು, ಖಾರ ಕಣ್ಣಿಗೆ ಎರಚಿತು, ಗಂಡಸರು ಎಮ್ಮೆಗಳಂತೆ ಕೂಗುತ್ತ ಜಾರಿ ಬಿದ್ದರು. ಯಾವುದು ರಕ್ತ, ಯಾವುದು ಮೆಣಸಿನ ರಸ, ನೆಕ್ಕಿ ನೋಡಬೇಕು. ಬಾಂಗ್ ಕೈಗವಸು ಬಿಚ್ಚಿ, ಮಡಚಿ ಪಕ್ಕಕ್ಕಿಟ್ಟು, ಕೊಳಗದ ಮುಚ್ಚಳದಿಂದ ಯೊಮ್ ಬಾಯಿಗೆ ಒಂದೇ ಏಟು ಹಾಕಿದ. ಹಲ್ಲು ಕಿಮ್ಚಿಯಲ್ಲಿ ಬಿತ್ತು. ನಾನು ಮೈಕು ಹಿಡಿದು "ದಯವಿಟ್ಟು ಒಬ್ಬೊಬ್ಬರಾಗಿ" ಎಂದು ಕೂಗುತ್ತಲೇ ಇದ್ದೆ. ಯಾರದೋ ಸೌಟು ಹುಬ್ಬಿಗೆ ತಾಗಿತು.

ಆ ಗದ್ದಲದಲ್ಲಿ ನಾನೂ ಒಂದು ಎಲೆಕೋಸು ಎಸೆದೆ. ಯಾವ ಕಡೆಯವನ ಬೆನ್ನು ಎಂದು ನೋಡಲಿಲ್ಲ. ಗುರಿ ಮಾತ್ರ ತಪ್ಪಲಿಲ್ಲ.

ನವೆಂಬರ್ 24, ಭಾನುವಾರ

ಹುಬ್ಬಿಗೆ ಹೊಲಿಗೆ. ಪ್ಯೋ ಫೋನು ಮಾಡಿದ. "ಆ ಹೆಂಗಸಿಗೆ ಕೆಳಮಹಡಿ ಮರೆತುಬಿಡಿ" ಅಂದ. ನಾನು ಬಿಡುವುದಿಲ್ಲ. ಸಿಟ್ಟು ಇಳಿಯಲಿ, ಮತ್ತೆ ಕೇಳುತ್ತೇನೆ.

ನವೆಂಬರ್ 29, ಶುಕ್ರವಾರ

ಯೊಮ್ ಹಲ್ಲಿನ ಡಾಕ್ಟರ ಬಳಿ ಹೋಗಿದ್ದಾಗ ಅವನ ಅಂಗಡಿ ಒಡೆದರು. ಬೀಗದವನ ಅಂಗಡಿಯ ಬೀಗವನ್ನೇ ಸುತ್ತಿಗೆಯಲ್ಲಿ ಕುಟ್ಟಿ, ಕೀಲಿಕೈ ಮಾಡುವ ಯಂತ್ರವನ್ನು ರಸ್ತೆಗೆಸೆದು, ಗೋಡೆಗೆ ಕೆಂಪು ಬಣ್ಣದಲ್ಲಿ 'ಖಾಲಿ' ಎಂದು ಬರೆದರು. ಮೊನ್ನೆ ಹೊಲಿಗೆಯವಳದೂ ಹೀಗೇ ಆಗಿತ್ತು; ಅವಳು ಚರ್ಚಿಗೆ ಹೋಗಿದ್ದಳು.

ಬಾಂಗ್‌ನನ್ನು ಕೇಳಿದೆ. "ಯಾವಾಗ ಯಾರಿರಲ್ಲ ಅಂತ ನಿನಗೆ ಹೇಗಯ್ಯಾ ಗೊತ್ತಾಗುತ್ತೆ?"

"ಅಣ್ಣಾ, ತಮಾಷೆ ಮಾಡ್ತೀರ" ಎಂದು ಫೋನು ತೋರಿಸಿದ. ಓಣಿಯ ನಕ್ಷೆ. ಮನೆಗೊಂದು ಚುಕ್ಕಿ. ಒಳಗೆ ಜನ ಇದ್ದರೆ ಹಸಿರು, ಇಲ್ಲದಿದ್ದರೆ ಬೂದಿ. ನಾನು ಏಣಿ ಹತ್ತಿ ಅಂಟಿಸಿದ ಡಬ್ಬಿಗಳು.

ವಾಂತಿ ಬಂತು. ನಿಜವಾಗಿಯೂ ಬಂತು, ಗೋಡೆ ಹಿಡಿದು ಮಾಡಿದೆ. ಬಾಂಗ್ ಬೆನ್ನು ಸವರಿದ.

ಡಿಸೆಂಬರ್ 2, ಸೋಮವಾರ

ಪ್ಯೋ ಮೇಲೆ ಕೂಗಾಡಿದೆ. ಅವನು ಚಹಾ ತರಿಸಿದ. "ಮಾಹಿತಿ ಎಲ್ಲ ಸಹಭಾಗಿಗಳಿಗೂ ಸೇರಿದ್ದು. ಸಮಿತಿಯ ನಿಯಮ. ಬರೆದವರು ನೀವೇ. ಪ್ರಾಸ ಕೂಡ ಇದೆ, ನೋಡಿ: 'ಎಲ್ಲರ ಮಾಹಿತಿ, ಎಲ್ಲರಿಗೂ ಸಮಿತಿ.'"

ಇದೆ. ಅರ್ಥ ಅಷ್ಟಿಲ್ಲದಿದ್ದರೂ ಲಯ ಚೆನ್ನಾಗಿದೆ ಎಂದು ಬಿಟ್ಟಿದ್ದೆ.

"ನೀವು ಬಿಟ್ಟು ಹೋದರೆ ಬಾಂಗ್ ಒಬ್ಬನೇ ಆಗ್ತಾನೆ. ಅವನಿಗೆ ಮಿತಿ ಹೇಳೋರು ಬೇಕಲ್ಲ" ಅಂದ ಪ್ಯೋ. "ಕರುಳ ಸಾರಿನವರ ಕೆಳಮಹಡಿ ವಿಷಯನೂ ನೀವಿದ್ದರೆ ಮಾತಾಡಬಹುದು."

ಅದೂ ನಿಜ. ಉಳಿದೆ. ಮಿತಿ ಹೇಳಲು, ಅಕ್ಕನ ಕೆಳಮಹಡಿಗೆ. ಚಹಾ ಚೆನ್ನಾಗಿತ್ತು.

ಡಿಸೆಂಬರ್ 5, ಗುರುವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ.

ಯೊಮ್‌ಗೆ ಚುಕ್ಕಿಗಳ ವಿಷಯ ಗೊತ್ತಾಯಿತು. ಮೀನಿನ ಅಂಗಡಿಯ ಮೂಲೆಯಲ್ಲಿ ಕಾದಿದ್ದ, ಕೈಯಲ್ಲಿ ಕಬ್ಬಿಣದ ಪೈಪು. "ಏಣಿ ನಾನೇ ಹಿಡ್ಕೊಂಡಿದ್ದೆನಲ್ಲೋ!" ಎಂದ. ಮೊದಲ ಏಟು ಪಕ್ಕೆಗೆ. ಎರಡನೆಯದನ್ನು ತಡೆಯಲು ಬಲಗೈ ಒಡ್ಡಿದೆ, ಬೆರಳು ಒಣಗಿದ ಕಡ್ಡಿ ಮುರಿದಂತೆ ಮುರಿಯಿತು. ನೆಲಕ್ಕೆ ಬಿದ್ದೆ. ಮೀನಿನ ನೀರು ಬಾಯಿಗೆ ಹೋಯಿತು. ಅವನು ಅಳುತ್ತ ಹೊಡೆಯುತ್ತಿದ್ದ, ಹಲ್ಲಿಲ್ಲದ ಬಾಯಲ್ಲಿ ಏನೇನೋ ಹೇಳುತ್ತಿದ್ದ, ಒಂದೂ ಸ್ಪಷ್ಟವಿರಲಿಲ್ಲ.

ಬಾಂಗ್ ಬಂದ. ಯೊಮ್‌ನ ಪೈಪು ಹಿಡಿದ ಕೈಯನ್ನು ಅಂಗಡಿ ಕಟ್ಟೆಯ ಅಂಚಿಗಿಟ್ಟು ಅದರ ಮೇಲೆ ಮಂಡಿಯೂರಿದ. ಆ ಸದ್ದು. "ಅಣ್ಣಾ, ಸ್ವಲ್ಪ ಸರೀರಿ. ರಕ್ತ ಬಟ್ಟೆಗೆ ಹತ್ತಿದ್ರೆ ಹೋಗಲ್ಲ."

ಯೊಮ್ ಇನ್ನು ಕೀಲಿಕೈ ಕೊರೆಯುವುದಿಲ್ಲ. ಪಾಪ ಎಂದು ಬರೆಯಲು ಹೊರಟೆ. ಎಡಗೈಗೆ ಆ ಅಕ್ಷರ ಕಷ್ಟ.

ಮುರಿದದ್ದು ಬೆರಳು, ಉಳಿದದ್ದು ಕೊರಳು.

ಡಿಸೆಂಬರ್ 6, ಶುಕ್ರವಾರ

ಒಕ್ಹುಯಿ ಅಕ್ಕ ಸಾರು ಕಳಿಸಿದ್ದಳು. ಕುಡಿಯಲಿಲ್ಲ. ಏನು ಬೆರೆಸಿದ್ದಾಳೋ ಯಾರಿಗೆ ಗೊತ್ತು.

ಡಿಸೆಂಬರ್ 10, ಮಂಗಳವಾರ

ನಕ್ಷೆ ನನ್ನ ಫೋನಿಗೂ ಹಾಕಿಸಿಕೊಂಡೆ. ಮಿತಿ ಹೇಳಬೇಕಾದರೆ ನೋಡಬೇಕಲ್ಲ. ಬೆಳಿಗ್ಗೆ ಎದ್ದು ಮೊದಲು ಅದನ್ನೇ ನೋಡುತ್ತೇನೆ. ಹಸಿರು ಕಡಿಮೆಯಾಗುತ್ತಿದೆ.

ಡಿಸೆಂಬರ್ 13, ಶುಕ್ರವಾರ

ಬೂದಿ, ಬೂದಿ, ಬೂದಿ. ಕಡುಬಿನ ಮುದುಕನದೂ ಆಯಿತು. ಅವನ ತಮ್ಮ ಬಂದು ಕರೆದುಕೊಂಡು ಹೋದ, ಹೋಗುವಾಗ ಇಬ್ಬರೂ ನನ್ನ ಕಡೆ ಉಗುಳಿದರು. ಹೊಸ ಘೋಷಣೆ: 'ಒಪ್ಪಿದವರಿಗೆ ಹೂಮಾಲೆ, ಒಪ್ಪದವರಿಗೆ ಆಮೇಲೆ.' ತಂಡದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸಮಿತಿಯಲ್ಲಿ ನನ್ನ ಪ್ರಾಸಕ್ಕೆ ಯಾರೂ ಹೀಗೆ ನಕ್ಕಿರಲಿಲ್ಲ.

ಡಿಸೆಂಬರ್ 17, ಮಂಗಳವಾರ

ಶಾವಿಗೆ ಅಂಗಡಿಯ ಗಂಡಹೆಂಡತಿ ಒಳಗಿನಿಂದ ಚಿಲಕ ಹಾಕಿಕೊಂಡಿದ್ದರು. ಚುಕ್ಕಿ ಹಸಿರು. ಬಾಂಗ್ ಕಾಯೋಣ ಅಂದ. ಚಳಿಯಲ್ಲಿ ಎಷ್ಟು ಹೊತ್ತು ಕಾಯುವುದು? ಬಾಗಿಲಿಗೆ ನಾನೇ ಒದ್ದೆ. ಮೂರನೆಯ ಒದೆಗೆ ಚೌಕಟ್ಟೇ ಬಂತು. ಗಂಡನನ್ನು ಮೆಟ್ಟಿಲ ಮೇಲೆ ಎಳೆದು ತರುವಾಗ ಅವನ ತಲೆ ಒಂದೊಂದು ಮೆಟ್ಟಿಲಿಗೂ ತಾಗುತ್ತಿತ್ತು, ತಾಳ ಸರಿಯಾಗಿತ್ತು.

ಆಮೇಲೆ ಎಲ್ಲರೂ ಕೂಡಿ ಮಾಂಸ ಸುಟ್ಟು ತಿಂದೆವು. ಬಾಂಗ್ ಕಲಿಸಿದ: ಮುಷ್ಟಿಯಿಂದ ಹೊಡೆಯಬಾರದು, ನಮ್ಮ ಬೆರಳೇ ಮುರಿಯುತ್ತೆ, ಅಂಗೈಯ ಬುಡದಿಂದ, ಕಿವಿಯ ಮೇಲೆ, ಸೊಂಟ ತಿರುಗಿಸಿ. "ನಿಮಗೆ ಇದು ಬೇಕಾಗಲ್ಲ ಅಣ್ಣಾ, ಸುಮ್ನೆ ಗೊತ್ತಿರಲಿ." ಗಾಳಿಯಲ್ಲಿ ಎಡಗೈಯಿಂದ ಅಭ್ಯಾಸ ಮಾಡಿದೆ. ನಿದ್ದೆ ಈಗೀಗ ಚೆನ್ನಾಗಿ ಬರುತ್ತದೆ.

ಡಿಸೆಂಬರ್ 19, ಗುರುವಾರ

ಇಡೀ ಓಣಿಯಲ್ಲಿ ಉಳಿದದ್ದು ಒಂದೇ ಹಸಿರು ಚುಕ್ಕಿ. ಒಕ್ಹುಯಿ ಅಕ್ಕ ಅಂಗಡಿ ಬಿಟ್ಟು ಹೊರಗೇ ಬರುತ್ತಿಲ್ಲ.

ಇವತ್ತು ನಾನೇ ಹೋದೆ. ಒಲೆ ಮೇಲೆ ಎಲುಬಿನ ಕಡಾಯಿ ಕುದಿಯುತ್ತಿತ್ತು. ತಿನ್ನುವವರು ಯಾರೂ ಇಲ್ಲ. ಅಕ್ಕನ ಕೂದಲು ಎಣ್ಣೆಗಟ್ಟಿತ್ತು.

"ಸಾರು ಯಾರಿಗೆ ಅಕ್ಕ?"

"ಒಲೆ ಆರಿಸಿದರೆ ಅಂಗಡಿ ಮುಚ್ಚಿದ ಹಾಗೆ. ಮುಚ್ಚಿಲ್ಲ ನಾನು." ನನ್ನ ಬೆರಳಿನ ಪಟ್ಟಿ ನೋಡಿದಳು. "ನೋವಿದೆಯೇನೋ?"

"ಇಲ್ಲ."

"ಓಣೀಲಿ ಏನೇನೋ ಅಂತಾರೆ ನಿನ್ನ ಬಗ್ಗೆ. ನಾನು ನಂಬಿಲ್ಲ. ಒಂದು ಸಲ ನಿಜ ಹೇಳು. ಈ ಭಾನುವಾರ ನಾನು ಪೇಟೆಯ ಸಾರ್ವಜನಿಕ ಸ್ನಾನದ ಮನೆಗೆ ಹೋಗಿ ಬರಬಹುದಾ? ಮೈಯೆಲ್ಲ ನವೆ. ಎಷ್ಟು ದಿನ ಅಂತ ಒದ್ದೆ ಬಟ್ಟೇಲಿ ಒರೆಸ್ಕೊಳ್ಳಲಿ?"

"ಹೋಗಿ ಬನ್ನಿ. ಭಾನುವಾರ ಯಾರೂ ಮುಟ್ಟಲ್ಲ. ಸೋಮವಾರ ನಿಮ್ಮ ಕೆಳಮಹಡಿ ಮಾತು."

"ನೀನು ಹೇಳ್ತಿದೀಯ ಅಂತ ಹೋಗ್ತೀನಿ" ಅಂದಳು.

ಬಾಂಗ್‌ಗೆ ಭಾನುವಾರ ಬೆಳಿಗ್ಗೆ ಎಂದು ಹೇಳಿದೆ. ಯಾರಿಗೂ ನೋವಾಗಬಾರದು, ಅಷ್ಟೇ ನನ್ನ ಉದ್ದೇಶ. ಖಾಲಿ ಮನೆಗೆ ನೋವಿಲ್ಲ.

ಡಿಸೆಂಬರ್ 22, ಭಾನುವಾರ

ಚುಕ್ಕಿ ಬೂದಿಯಾಯಿತು. ಅವಳು ಪ್ಲಾಸ್ಟಿಕ್ ಬುಟ್ಟಿ, ಟವೆಲು ಹಿಡಿದು ಮೂಲೆ ದಾಟುವುದನ್ನು ವ್ಯಾನಿನೊಳಗಿಂದ ನಾನೇ ಕಣ್ಣಾರೆ ಕಂಡೆ. ಜೆಸಿಬಿ ಬಂತು. ಶಟರು ಕೊಯ್ದರು. ಬೋರ್ಡು ಕಿತ್ತರು. ಆಗ ನನ್ನ ಕೈಯಲ್ಲಿದ್ದ ಫೋನಿನಲ್ಲಿ ಚುಕ್ಕಿ ಮತ್ತೆ ಹಸಿರಾಯಿತು.

ಕಡಾಯಿಯ ಉರಿ ತಗ್ಗಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ತಿರುಗಿದ್ದಳಂತೆ. ಹಿಂಬಾಗಿಲಿಂದ ಬಂದಿದ್ದಳು.

ಮೊದಲು ಒಳಗೆ ಹೋದವನ ಮುಖಕ್ಕೆ ಕುದಿಯುವ ಸಾರು ಬಿತ್ತು. ಅವನು ಹೊರಗೆ ಬಂದು ರಾತ್ರಿ ಬಿದ್ದು ಹೆಪ್ಪುಗಟ್ಟಿದ್ದ ಮಂಜಿನಲ್ಲಿ ಮುಖ ಹುದುಗಿಸಿ ಕಿರುಚಿದ. ಎರಡನೆಯ ಸೌಟು ಬಾಂಗ್‌ನ ತೋಳಿಗೆ. ಜಾಕೀಟು ತೆಗೆದರೆ ಚರ್ಮವೂ ಜೊತೆಗೆ ಬಂತು. ಅವನು ಕೂಗಲಿಲ್ಲ. ಹಲ್ಲು ಕಚ್ಚಿ, "ಸಾಕು, ಎಲ್ಲ ಆಚೆ ಬನ್ರೋ" ಅಂದ. "ಖಾಲಿ ಅಂದಿದ್ರಲ್ಲ ಅಣ್ಣಾ. ಹೆಂಗಸು ಒಳಗಿದಾಳೆ. ಇವತ್ತಿಗೆ ನಿಲ್ಲಿಸೋಣ."

"ನಿಲ್ಲಿಸೋದಿಲ್ಲ."

"ನಮ್ಮಮ್ಮನ ವಯಸ್ಸು ಅವಳಿಗೆ. ನನ್ನ ಹುಡುಗರು ಒಳಗೆ ಹೋಗಲ್ಲ."

ಕೋಟು ಬಿಚ್ಚಿ, ಮಡಚಿ, ವ್ಯಾನಿನ ಸೀಟಿನ ಮೇಲಿಟ್ಟೆ. ಹೋದೆ.

ಅವಳು ಒಲೆಗೆ ಬೆನ್ನು ಕೊಟ್ಟು ನಿಂತಿದ್ದಳು. ಎತ್ತಿದ ಸೌಟಿನಿಂದ ಹಬೆ ಏಳುತ್ತಿತ್ತು. ನನ್ನನ್ನು ನೋಡಿ ಸೌಟು ಇಳಿಸಿದಳು.

"ನೀನಾ? ಬಂದೆಯಾ? ಹೇಳೋ ಇವರಿಗೆ. ಭಾನುವಾರ ಮುಟ್ಟಲ್ಲ ಅಂತ ನೀನೇ ಹೇಳಿದ್ದೀಯ, ಹೇಳು."

"ಅಕ್ಕ, ಆಚೆ ಬನ್ನಿ."

ಅವಳಿಗೆ ಆಗ ಅರ್ಥವಾಯಿತು. ಸೌಟು ಮತ್ತೆ ಎತ್ತಲು ಹೊರಟಳು. ಅಷ್ಟರಲ್ಲಿ ಜುಟ್ಟು ನನ್ನ ಕೈಯಲ್ಲಿತ್ತು. ಮಣಿಕಟ್ಟಿಗೆ ಕಚ್ಚಿದಳು. ಅಂಗೈಯ ಬುಡದಿಂದ ಕಿವಿಯ ಮೇಲೆ ಕೊಟ್ಟೆ, ಸೊಂಟ ತಿರುಗಿಸಿ. ಎರಡನೆಯದು ಬೇಕಿರಲಿಲ್ಲ, ಕೈ ಆಗಲೇ ಹೊರಟಿತ್ತು. ಮೂರನೆಯದರ ಬಗ್ಗೆ ಬಾಂಗ್ ಹೇಳುತ್ತಾನೆ, ನನಗೆ ನೆನಪಿಲ್ಲ. ಕಿವಿಯಿಂದ ರಕ್ತ ತೆಳ್ಳಗೆ ಬಂತು. ಹೊಸ್ತಿಲ ಕಡೆಗೆ ಎಳೆಯುವಾಗ ಅವಳ ಕಾಲು ತಾಗಿ ಕಡಾಯಿ ಉರುಳಿತು, ಒಲೆ ಆರಿತು, ಅಂಗಡಿ ತುಂಬ ಹಬೆ. ಅವಳನ್ನು ಮಂಜಿನ ಮೇಲೆ ಬಿಟ್ಟು ಜೆಸಿಬಿಯವನಿಗೆ ಕೈ ಬೀಸಿದೆ.

ಹನ್ನೊಂದಕ್ಕೆಲ್ಲ ನೆಲಸಮ. ವ್ಯಾನಿನಲ್ಲಿ ನನ್ನ ಪಕ್ಕದ ಸೀಟಿಗೆ ಯಾರೂ ಬರಲಿಲ್ಲ, ಕಾಲು ಚಾಚಿ ಕೂರಲು ಅನುಕೂಲವಾಯಿತು. "ನೀವು ದಿನಾ ಅವಳ ಹತ್ರ ಊಟ ಮಾಡ್ತಿದ್ರಲ್ವಾ?" ಎಂದು ಬಾಂಗ್ ಕೇಳಿದ. ಹೌದು ಅಂದೆ. ಆಮೇಲೆ ಅವನು ದಾರಿಯುದ್ದಕ್ಕೂ ಕಿಟಕಿಯ ಕಡೆಗೇ ನೋಡುತ್ತಿದ್ದ. ತೋಳು ಉರಿಯುತ್ತಿತ್ತೇನೋ.

ಘೋಷಣೆ ಹೊಳೆಯಲಿಲ್ಲ. ಹಸಿವಾಗಿತ್ತು.

ಡಿಸೆಂಬರ್ 23, ಸೋಮವಾರ

ಸಮಿತಿಯ ಸಭೆ. ಅಂಗಡಿಯವರ ಕಡೆಯಿಂದ ಯಾರೂ ಬಂದಿರಲಿಲ್ಲ. ಸರ್ವಾನುಮತ.

ಡಿಸೆಂಬರ್ 27, ಶುಕ್ರವಾರ

ಒಳ್ಳೆಯ ಸುದ್ದಿ. ಪ್ಯೋ ಜೊತೆ ಮೂರು ದಿನ ಜಗಳವಾಡಿ ಗೆದ್ದೆ: ಕೆಳಮಹಡಿಯಲ್ಲಿ ಒಕ್ಹುಯಿ ಅಕ್ಕನಿಗೆ ಒಂದು ಅಂಗಡಿ. ಅವಳು ಪೊಲೀಸಿಗೆ ದೂರು ಕೊಡಬಾರದು, ಅಷ್ಟೇ ಷರತ್ತು. ಕೊಟ್ಟ ಮಾತು ಉಳಿಸಿಕೊಂಡ ಸಮನ್ವಯಕಾರ ಈ ಊರಲ್ಲಿ ನಾನೊಬ್ಬನೇ ಇರಬೇಕು.

ಕಿತ್ತಳೆ ಹಣ್ಣಿನ ಪೆಟ್ಟಿಗೆ ತೆಗೆದುಕೊಂಡು ಆಸ್ಪತ್ರೆಗೆ ಹೋದೆ. ಎಡಗಿವಿ ಇನ್ನು ಕೇಳಿಸುವುದಿಲ್ಲವಂತೆ. ಬಲಗಡೆ ಕುರ್ಚಿ ಹಾಕಿಕೊಂಡು ಎಲ್ಲ ವಿವರಿಸಿದೆ: ಮೂಲೆ ಅಂಗಡಿ, ಎರಡು ಕಡೆ ಕಿಟಕಿ, ಹೊಗೆ ಎಳೆಯುವ ಹೊಸ ಯಂತ್ರ, ಬೀದಿಗೆ ನೇರ ಬಾಗಿಲು. ಅವಳು ಕೇಳುತ್ತಲೇ ಇದ್ದಳು, ಹಾಸಿಗೆಯ ಅಂಚು ಹಿಡಿದುಕೊಂಡು.

"ಖುಷಿಯಾಯ್ತಾ ಅಕ್ಕ?"

"ಆಯ್ತು."

"ದೂರು ಕೊಡಲ್ಲ ತಾನೇ?"

"ಇಲ್ಲ."

"ನಾನು ಹೇಳಿರಲಿಲ್ವಾ, ಕೊಡಿಸ್ತೀನಿ ಅಂತ?"

"ಹೇಳಿದ್ರಿ" ಅಂದಳು. ಇಷ್ಟು ವರ್ಷದಲ್ಲಿ ನನಗೆ ಮೊದಲ ಸಲ ಬಹುವಚನ. ಅಂತೂ ಗೌರವ ಬಂತು.

ಇನ್ನೇನು ಹೇಳಲಿ ಎಂದು ತಲೆ ಕೆರೆದುಕೊಳ್ಳಲು ಕೈ ಎತ್ತಿದೆ. ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಗೋಡೆಯ ಕಡೆ ಮುದುಡಿದಳು.

ಬಿಸಿಲು ಕಣ್ಣಿಗೆ ಬಿತ್ತೇನೋ. ಎದ್ದು ಪರದೆ ಎಳೆದು ಬಂದೆ.